ನೀಲವ್ವನ ಇಬ್ಬರು ಗಂಡಂದಿರು, ನನ್ನ ಒಂದು ಚಿಲಕ

ಇಳಕಲ್ಲಿಗೆ ವರ್ಗವಾಗಿ ಬಂದ ಮರುದಿನ, ನನಗೆ ಕೋಣೆ ಬಾಡಿಗೆಗೆ ಕೊಟ್ಟ ನೀಲವ್ವ ನನ್ನ ಮುಂದೂ ಇಬ್ಬರು ಗಂಡಸರ ಮುಂದೂ ರೊಟ್ಟಿಯ ತಾಟು ಇಟ್ಟಳು. ಮಗ್ಗದಲ್ಲಿ ಸೀರೆ ನೇಯುವ ಬಸಪ್ಪ ಆಕೆಯ ಗಂಡ ಎಂದು ಗೊತ್ತಿತ್ತು. ಇನ್ನೊಬ್ಬ, ಗ್ರಾನೈಟ್ ಪಾಲಿಶ್ ಮಾಡುವ ವೀರಣ್ಣ. "ತಮ್ಮನಾ?" ಎಂದು ಕೇಳಿದೆ.

"ಅಲ್ರಿ ಅಕ್ಕೋರ, ಇವ್ರೂ ನನ್ನ ಗಂಡ. ಮೂರೂ ಮಂದಿ ಒಪ್ಪಿ ಇದ್ದೇವಿ. ಮುಚ್ಚಿಡೂದೇನೈತಿ?"

ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಆ ಗೌರವವನ್ನೂ ರೊಟ್ಟಿಯನ್ನೂ ಒಟ್ಟಿಗೇ ನುಂಗಲು ನನ್ನಿಂದಾಗಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲೂ ಇಂಥವು ಇದ್ದವು, ಸುಳ್ಳೇಕೆ. ಆದರೆ ಅಲ್ಲಿ ಎಲ್ಲ ಕದ್ದುಮುಚ್ಚಿ, ಹೆಂಡತಿಗೆ ಗೊತ್ತಾಗದ ಹಾಗೆ.

ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ದನಿ ತಗ್ಗಿಸಿ, "ಅಂಥಾ ಮನ್ಯಾಗ ಹೆಂಗ ಇರ್ತೀರಿ? ನಾಚಿಕಿ ಬಿಟ್ಟ ಮಂದಿ. ಚಿಲಕಾ ಗಟ್ಟಿ ಹಾಕ್ಕೋರಿ" ಎಂದರು. ನಾನು ಹಗಲಲ್ಲೂ ಹಾಕಿಕೊಂಡೆ. ಆ ಗಂಡಸರು ಅಂಗಳದಲ್ಲಿ ಕೆಮ್ಮಿದರೂ ಎದ್ದು ಚಿಲಕ ಮತ್ತೊಮ್ಮೆ ನೋಡುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ನನಗೆ ಟೈಫಾಯ್ಡ್ ಬಂತು. ವೀರಣ್ಣ ಕೆಲಸಕ್ಕೆ ರಜೆ ಹಾಕಿ, ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ದವಾಖಾನೆಯವರೆಗೂ ತಳ್ಳಿಕೊಂಡು ಹೋದ. ನೀಲವ್ವ ಪಕ್ಕದಲ್ಲಿ ನನ್ನ ಭುಜ ಹಿಡಿದು ನಡೆದಳು. ಮೈಸೂರಿನಲ್ಲಿದ್ದ ನನ್ನ ಒಬ್ಬರೇ ಗಂಡ ಪಕ್ಕದ ಅಂಗಡಿಗೆ ಫೋನ್ ಮಾಡಿ, "ಮಾತ್ರೆ ತಗೊಂಡ್ಯಾ?" ಎಂದು ಕೇಳಿದರು. ಜ್ವರಕ್ಕೆ ನಮ್ಮಲ್ಲಿ ಅಕ್ಕಿ ಗಂಜಿ. ಇಲ್ಲಿ ಜೋಳದ ಅಂಬಲಿ. ನೀಲವ್ವ ನೂಲು ತರಲು ಹೋದ ದಿನ ಬಸಪ್ಪ ಮಗ್ಗದಿಂದ ಎದ್ದು ತಾನೇ ಅಂಬಲಿ ಕಾಸಿ ತಂದ. ಬಟ್ಟಲನ್ನು ಹೊಸ್ತಿಲ ಹೊರಗೇ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ.

"ಅಂಬಲಿ ಐತ್ರಿ. ಒಳಗ ಒಯ್ದು, ಚಿಲಕಾ ಹಾಕ್ಕೊಂಡು ಕುಡೀರಿ."

ಅವನಿಗೆ ಎಲ್ಲ ಗೊತ್ತಿತ್ತು. ನನಗೆ ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಅಂದಿನಿಂದ ಹಗಲು ಚಿಲಕ ಹಾಕಲಿಲ್ಲ.

ಆದರೆ ಊರಿನ ಬಾಯಿ ಮುಚ್ಚಲಿಲ್ಲ. ಪಾಲಕರು ದೂರು ಕೊಟ್ಟರೆ ಕೆಲಸಕ್ಕೇ ಕುತ್ತು ಎಂದರು ಹೆಡ್‌ಮಿಸ್ಟ್ರೆಸ್. ಆ ಮನೆಯವರು ಒಳ್ಳೆಯವರು ಎಂದು ನಾನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬೇರೆ ಮನೆ ಹಿಡಿದೆ.

ಹೊರಡುವ ದಿನ ಸಾಮಾನು ಸಾಗಿಸಲು ಸಹೋದ್ಯೋಗಿಗಳು ಬಂದಿದ್ದರು. ನೀಲವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತಂದಳು. ಮನೆ ಬಿಟ್ಟು ಹೋಗುವ ಮುತ್ತೈದೆಯ ಸೆರಗಿನಲ್ಲಿ ಇವನ್ನು ಹಾಕಿ ಕಳಿಸುವುದಕ್ಕೆ ಇಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ನಮ್ಮ ಕಡೆಯ ಮಡಿಲಕ್ಕಿ.

"ಉಡಿ ಒಡ್ಡ್ರಿ ಅಕ್ಕೋರ" ಎಂದಳು. ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಹೊತ್ತಾಯ್ತು ನೀಲವ್ವ, ಚೀಲದಲ್ಲಿ ಹಾಕಿಬಿಡಿ" ಎಂದೆ.

ಆಕೆ ಚೀಲದಲ್ಲಿ ಹಾಕಿದಳು.

ಇದಾಗಿ ಎಂಟು ವರ್ಷ. ಮೈಸೂರಿಗೆ ಹೋದರೆ ನನ್ನ ಮಾತು ಕೇಳಿ, ಇಳಕಲ್ಲಿನವಳು ಬಂದಳು ಎಂದು ನಗುತ್ತಾರೆ; ಇಲ್ಲಿ ನಾನಿನ್ನೂ ಮೈಸೂರು ಕಡೆಯವಳು. ಸಂತೆಯಲ್ಲಿ ನೀಲವ್ವ ಸಿಗುತ್ತಾಳೆ. "ಆರಾಮ ಅದೀರಿ?" ಎಂದು ನಗುತ್ತಲೇ ಕೇಳುತ್ತಾಳೆ, ಆ ನಗೆಯಲ್ಲಿ ಕಹಿಯಿಲ್ಲ. ಈ ಊರಿನಲ್ಲಿ ದಾರಿ ಕೇಳಿದ ಅಪರಿಚಿತರಿಗೂ "ಮನಿಗೆ ಬರ್ರಿ" ಎಂದೇ ಹೇಳಿ ಕಳಿಸುತ್ತಾರೆ. ನೀಲವ್ವ ನನಗೆ ಅದೊಂದನ್ನು ಹೇಳುವುದಿಲ್ಲ.