ಗೋಡೆಗೆ ಆನಿಸಿಟ್ಟ ಕಲ್ಲು

ಆಗತಾನೆ ಕೊಯ್ದ, ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ. ನಮ್ಮ ಕಡೆಯವರಿಗೆ ಅದನ್ನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ಮೊನ್ನೆ ನಮ್ಮ ಮನೆ ಮುಂದೆ ಮೇಸ್ತ್ರಿಯೊಬ್ಬ ಮಷಿನ್ನಿನಿಂದ ಕಲ್ಲು ಕೊಯ್ಯುತ್ತ ನೀರು ಸುರಿಯುತ್ತಿದ್ದ. ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದ ನಾನು ಅಲ್ಲೇ ನಿಂತುಬಿಟ್ಟೆ. ಎದುರು ಮನೆಯ ಕಾಕಾ ನೆನಪಾದರು...

ಕಾಕಾ ನನಗೆ ಬಳಗವೇನಲ್ಲ, ಓಣಿಗೆಲ್ಲ ಅವರು ಕಾಕಾ. ಹರೆಯವನ್ನೆಲ್ಲ ಕಲ್ಲಿನ ಖಣಿಯಲ್ಲಿ ಕಳೆದು, ಆಮೇಲೆ ಮನೆ ಮುಂದೆಯೇ ಕುಕ್ಕರುಗಾಲಿನಲ್ಲಿ ಕುಳಿತು ಫರಸಿ ಕಡಿದು ಕೊಡುತ್ತಿದ್ದರು. ಟೇಪು ಮುಟ್ಟಿದವರಲ್ಲ. ಗೇಣು, ಬೆರಳು, ಇಷ್ಟೇ ಅವರ ಅಳತೆ. ಓಣಿಯ ಅಡುಗೆಕಟ್ಟೆ, ದೇವರ ಜಗಲಿ, ಬಚ್ಚಲು ಎಲ್ಲದರಲ್ಲೂ ಅವರ ಕೈಯಿತ್ತು. ಬೆಳಗಾದರೆ ಟಕ್ ಟಕ್ ಎಂದು ಉಳಿಯ ಸದ್ದು. "ಒಂದಿನ ಸುಟಿ ತಗೋರಿ ಕಾಕಾ" ಎಂದು ಹೈಸ್ಕೂಲಿಗೆ ಪಾಠ ಮಾಡಲು ಹೊರಟ ನಾನು ರೇಗಿದರೆ, "ಕಲ್ಲು ನನಗ ಬಿಡಲ್ರಿ ಮಾಸ್ತರ್ರ" ಎಂದು ನಗುತ್ತಿದ್ದರು.

ಒಮ್ಮೆ ಓಣಿಯ ತಿರುವಿನಲ್ಲಿ ಚರಂಡಿ ಮುಚ್ಚಿದ್ದ ಹಾಸುಗಲ್ಲು ನೀರಿನ ಟ್ಯಾಂಕರ್ ಹತ್ತಿ ಒಡೆದುಹೋಯಿತು. ಒಳಗೆ ಎದೆಮಟ್ಟ ಆಳ, ಮಕ್ಕಳು ಶಾಲೆಗೆ ಹೋಗುವ ದಾರಿ ಬೇರೆ. ಕಾಕಾ ಮರುದಿನವೇ ಹೋಗಿ ಗೇಣು ಹಾಕಿ ನೋಡಿ ಬಂದರು. ಎರಡು ದಿನದಲ್ಲಿ ದಪ್ಪನೆಯ ಕಲ್ಲೊಂದು ತಯಾರಾಗಿ ಅವರ ಗೋಡೆಗೆ ಆನಿಕೊಂಡಿತು. "ನಾಕ್ ಮಂದಿ ಕೈ ಹಚ್ಚಿದ್ರ ಸಾಕು, ಇವತ್ತೇ ಮುಚ್ಚಿಬಿಡಮ್ರಿ" ಎಂದರು.

ನಾನು ಬೇಡವೆಂದೆ.

ನನಗಾಗ ಅರ್ಜಿ ಬರೆಯುವ ಹುಚ್ಚು. ಇಡೀ ಓಣಿಯ ಚರಂಡಿಯೇ ಹಾಳಾಗಿತ್ತು, ಹೊಸದೇ ಆಗಬೇಕಿತ್ತು. ಗುಂಡಿ ಮುಚ್ಚಿಬಿಟ್ಟರೆ ಪುರಸಭೆಯವರು ಬಂದು ನೋಡುವುದಾದರೂ ಏನನ್ನು? ಅವರ ಕೆಲಸ ನಾವು ಮಾಡಿದರೆ ಮುಂದೆ ಎಲ್ಲವನ್ನೂ ನಾವೇ ಮಾಡಬೇಕಾಗುತ್ತದೆ ಎಂದು ಓಣಿಯವರಿಗೆ ಪಾಠ ಹೇಳಿದೆ. ಎಲ್ಲರೂ ಹೌದು ಹೌದು ಎಂದರು. ಕಾಕಾ ಹೋಗಿ ಗುಂಡಿಯಲ್ಲೊಂದು ಕೋಲು ನೆಟ್ಟು, ಅದಕ್ಕೆ ತಮ್ಮ ಕೆಂಪು ಟವೆಲ್ಲು ಕಟ್ಟಿ ಬಂದರು.

ಪುರಸಭೆಯಲ್ಲಿ ಜನರ ಅಹವಾಲು ಕೇಳುವ ಸಭೆ ಕರೆದಾಗ ನಾವು ಹದಿನೈದು ಮಂದಿ ಹೋದೆವು. ಬೇರೆ ಓಣಿಯವರು ನಳದ ನೀರು, ಬೀದಿದೀಪ, ಹಂದಿಗಳ ಕಾಟ ಎಂದು ಎರಡೆರಡು ಮಾತಿನಲ್ಲಿ ಮುಗಿಸಿದರು. ನಾನು ಎದ್ದು ಮೂರು ಪುಟ ಓದಿದೆ. ಓದುತ್ತ ಓದುತ್ತ ನನ್ನ ಬರವಣಿಗೆಗೆ ನಾನೇ ಮೆಚ್ಚಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅಂದಾಜುಪಟ್ಟಿ ಆಗಬೇಕು, ಮಂಜೂರಾತಿ ಬರಬೇಕು, ಟೈಮ್ ಹಿಡಿಯುತ್ತದೆ ಎಂದರು ಅಧಿಕಾರಿಗಳು. ಆಗ ನನ್ನ ಪಕ್ಕದಲ್ಲಿದ್ದ ಕಾಕಾ ಎದ್ದು ಕೈಮುಗಿದರು.

"ಸಾಹೇಬ್ರ, ಕಲ್ಲು ನನ್ನ ಬಲ್ಲಿ ಅದ. ನೀವು ಹ್ಞೂಂ ಅಂದ್ರ ನಾಳಿಗೇ ಹಾಕ್ತೀನ್ರಿ. ಮಳಿ ಹತ್ರ ಬಂದದ, ಹುಡುಗರು ಅಡ್ಡಾಡ್ತಾವ."

ಅಧಿಕಾರಿಗಳ ಮುಖ ಅರಳಿತು. ಅವರು ಹ್ಞೂಂ ಅನ್ನುವುದರಲ್ಲೇ ಇದ್ದರು. ಮೂರು ಪುಟ ನೀರಿಗೆ ಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಕಾಕಾನ ಅಂಗಿ ಹಿಡಿದು ಜಗ್ಗಿ, "ಕುಂದ್ರಿ ಕಾಕಾ, ನಿಮಗ ಇದೆಲ್ಲ ತಿಳಿಯಲ್ಲ" ಎಂದೆ. ಸಭೆಯಲ್ಲಿ ಒಂದಿಬ್ಬರು ನಕ್ಕರು. ಕಾಕಾ ಕುಳಿತರು. ಅಧಿಕಾರಿಗಳು ನನ್ನ ಅರ್ಜಿ ತೆಗೆದುಕೊಂಡು ಮುಂದಿನ ಓಣಿಯವರನ್ನು ಕರೆದರು...

ಹತ್ತು ದಿನಕ್ಕೆ ಮಳೆ ಬಂತು, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ. ರಸ್ತೆ ಯಾವುದು ಚರಂಡಿ ಯಾವುದು ತಿಳಿಯದ ಹಾಗೆ ಎಲ್ಲ ಒಂದೇ ನೀರು. ನೆಟ್ಟ ಕೋಲು ಟವೆಲ್ಲಿನ ಸಮೇತ ಕೊಚ್ಚಿಹೋಗಿತ್ತು. ಮಕ್ಕಳು ಬರುತ್ತವೆಂದು ಕಾಕಾ ಇನ್ನೊಂದು ಕೋಲು ಹಿಡಿದು ಹೋದರು. ಆ ಗುಂಡಿಯನ್ನು ಬೆರಳಿನಿಂದ ಅಳೆದಿದ್ದ ಮನುಷ್ಯ ಅವರು, ಅವರಿಗೇ ಅದು ಎಲ್ಲಿದೆ ಎಂದು ತಿಳಿಯಲಿಲ್ಲ. ಹೊರಗೆಳೆದಾಗ ಬಲಗಾಲು ಮೊಣಕಾಲಿನ ಹತ್ತಿರ ತಿರುಚಿಹೋಗಿತ್ತು. ಅವರನ್ನು ಕಲಬುರಗಿಗೆ ಒಯ್ದ ಮೇಲೆ, ಅದೇ ಸಂಜೆ, ನಾವು ನಾಲ್ವರು ಸೇರಿ ಆ ಕಲ್ಲನ್ನು ಹೊತ್ತು ಗುಂಡಿಯ ಮೇಲಿಟ್ಟೆವು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಸುತ್ತಲೂ ಕಡ್ಡಿ ತೂರುವಷ್ಟೂ ಸಂದಿರಲಿಲ್ಲ.

ಕಾಲು ಕೂಡಿತು, ಆದರೆ ಮಡಚಲು ಬರಲಿಲ್ಲ. ಕುಕ್ಕರುಗಾಲಿನಲ್ಲಿ ಕೂರಲಾಗದಿದ್ದರೆ ಕಲ್ಲಿನ ಕೆಲಸವೆಲ್ಲಿ? ಉಳಿಯ ಸದ್ದು ನಿಂತಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಕಾಕಾ. ಕೆಲವು ತಿಂಗಳಲ್ಲಿ ಅವರು ಸೇಡಂನಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಟ ದಿನ ತಿರುವಿನಲ್ಲಿ ಆಟೋ ನಿಲ್ಲಿಸಿ, ತಲೆ ಹೊರಗೆ ಹಾಕಿ ತಮ್ಮ ಕಲ್ಲನ್ನು ನೋಡಿದರು. "ಸರಿ ಕುಂತದೇನ್ರಿ ಮಾಸ್ತರ್ರ?" ಎಂದು ಕೇಳಿದರು. ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. "ಸರಿ ಕುಂತದ ಕಾಕಾ" ಎಂದೆ. ತಪ್ಪಾಯಿತು ಎನ್ನುವುದಕ್ಕೂ ಅಷ್ಟೇ ಹೊತ್ತು ಸಾಕಿತ್ತು. ಆಟೋ ಹೊರಟಿತು. ಸೇಡಂ ಏನು ದೂರ, ದಿನಾ ಬಸ್ಸಿವೆ, ಒಂದು ರವಿವಾರ ಹೋಗಿ ಹೇಳಿ ಬಂದರಾಯಿತು ಎಂದುಕೊಂಡೆ. ಎಷ್ಟೋ ರವಿವಾರ ಹೋದವು... ಅವರು ತೀರಿಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಅವರ ಮಣ್ಣೂ ಆಗಿತ್ತು.

ಹೊಸ ಚರಂಡಿ ಆಮೇಲೆ ಆಯಿತು. ನನ್ನ ಅರ್ಜಿಯಿಂದಲೇ ಆಯಿತೆಂದು ಓಣಿಯವರು ಈಗಲೂ ಹೇಳುತ್ತಾರೆ, ನಾನು ಮಾತು ಬದಲಿಸುತ್ತೇನೆ. ಅಂದು ಕಿತ್ತು ಬಿಸಾಕಿದ ಕಾಕಾನ ಕಲ್ಲನ್ನು ತಂದು ನಮ್ಮ ಗೋಡೆಗೆ ಆನಿಸಿದ್ದೇನೆ.

ಹೋದ ವಾರ ಅದೇ ತಿರುವಿನಲ್ಲಿ ಹೊಸ ಚರಂಡಿಯ ಸಿಮೆಂಟ್ ಮುಚ್ಚಳವೂ ಮುರಿದು ಬಿತ್ತು. ಅರ್ಜಿ ಬರೆಯಿರಿ, ಮೀಟಿಂಗಿನಲ್ಲಿ ನೀವೇ ಮಾತಾಡಿ ಎಂದು ಓಣಿಯವರು ಬಂದರು. ಬಂದವರಿಂದಲೇ ಕಾಕಾನ ಕಲ್ಲು ಹೊರಿಸಿದೆ. ಹೊಸ ಚರಂಡಿ ಅಗಲ, ಕಲ್ಲು ನಾಲ್ಕು ಬೆರಳು ಸಾಲಲಿಲ್ಲ. ಅದನ್ನು ಮರಳಿ ಗೋಡೆಗೆ ಆನಿಸಿ, ಹೊಸ ಕಲ್ಲು ಕೊಯ್ಯಿಸಲೆಂದೇ ಮೊನ್ನೆ ಮೇಸ್ತ್ರಿಯನ್ನು ಕರೆಸಿದ್ದು.

"ಇದು ಪುರಸಭೆಯವ್ರು ಹಾಕಬೇಕಿತ್ತಲ್ರಿ ಸರ್?" ಎಂದ ಆತ.

"ಹೌದಪ್ಪ. ಮೊದಲು ನೀ ಹಾಕು" ಎಂದೆ.

ತಿರುವಿನಲ್ಲಿ ಹೊಸ ಕಲ್ಲು ಇಟ್ಟ ಮೇಲೆ ಸರಿ ಕುಂತಿದೆಯೇ ಎಂದು ಕೇಳಿದೆ. ಎರಡು ಬೆರಳು ಸಂದು ಉಳಿದಿದೆ, ಮಷಿನ್ ಕೆಲಸದಲ್ಲಿ ಅಷ್ಟು ಇರುವುದೇ ಎಂದ. ಬಗ್ಗಿ ಆ ಸಂದಿನಲ್ಲಿ ಬೆರಳಿಟ್ಟು ನೋಡಿದೆ. ಕಾಕಾ ಆಗಿದ್ದರೆ ಕಲ್ಲನ್ನು ಎಬ್ಬಿಸಿ, ಇನ್ನೊಂದು ಕಡಿಯಲು ಕುಳಿತುಬಿಡುತ್ತಿದ್ದರು... "ತಪ್ಪಾಯ್ತು ಕಾಕಾ" ಎಂದೆ. ಮೇಸ್ತ್ರಿ ತಲೆಯೆತ್ತಿ, "ಏನಂದ್ರಿ ಸರ್?" ಎಂದ. ಏನಿಲ್ಲವೆಂದು ಹೇಳಿ, ಮನೆಗೆ ಬಂದು ಅರ್ಜಿ ಬರೆಯಲು ಕುಳಿತೆ.