ಅಕ್ಕನ ಮಂಡಿ ಸಿಕ್ಕಿಕೊಂಡ ದಿನ

ಅಕ್ಕನ ಎಡಗಾಲು ಎಂದು ಬರೆಯುತ್ತೇನೆ, ಬಲಗಾಲೂ ಆಗಿದ್ದೀತು. ಐವತ್ತರ ದಶಕ ಮುಗಿಯುತ್ತಿತ್ತು. ಯಾವ ವರ್ಷ ಎಂದು ಕೇಳಿದರೆ ತಡವರಿಸುತ್ತೇನೆ. ಶನಿವಾರ ಎಂಬುದು ಮಾತ್ರ ಖಚಿತ. ಸೋಮವಾರ ಬೆಳಿಗ್ಗೆ ಅಕ್ಕ ಅರಕಲಗೂಡಿಗೆ ಹೋಗಿ ಗ್ರಾಮಸೇವಿಕೆಯ ಕೆಲಸಕ್ಕೆ ಹಾಜರಾಗಬೇಕಿತ್ತು. ದಿನವೂ ಹಳ್ಳಿಯಿಂದ ಹಳ್ಳಿಗೆ ನಡೆಯುವ ಕೆಲಸ. ಅವತ್ತು ಹೋಗದಿದ್ದರೆ ಅದು ಪಟ್ಟಿಯಲ್ಲಿದ್ದ ಮುಂದಿನವಳಿಗೆ.

ನಮ್ಮೂರು ಹೊಳೆನರಸೀಪುರದ ಹತ್ತಿರ. ಮೈಸೂರಿನಲ್ಲಿ ಮೆಡಿಕಲ್ ಮೊದಲ ವರ್ಷ ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಅಕ್ಕ ರಾಗಿ ಬೀಸುತ್ತಿದ್ದಳು, ಎಲ್ಲರಂತೆ ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಸಿ. ಮಡಿಸಿದ ಕಾಲಿನ ಮೇಲೇ ಭಾರ ಹಾಕಿ, ಪಕ್ಕದ ಮೊರದ ಕಡೆಗೆ ಮೈ ತಿರುಗಿಸಿಕೊಂಡು ಏಳಹೋದವಳು "ಅವ್ವಾ" ಎಂದು ಕುಸಿದಳು. ಮಂಡಿ ಅರ್ಧ ಮಡಿಸಿದಲ್ಲೇ ನಿಂತುಬಿಟ್ಟಿತ್ತು. ಬಗ್ಗುತ್ತಿತ್ತು, ನೆಟ್ಟಗಾಗುತ್ತಿರಲಿಲ್ಲ.

"ಚಿಪ್ಪು ಜಾರೈತೆ," ಎಂದಳು ಅವ್ವ.

ನಾನು ಮುಟ್ಟಿ ನೋಡಿದೆ. ಚಿಪ್ಪು ಅದರ ಜಾಗದಲ್ಲೇ ಇತ್ತು. ಕಾಲೇಜಿನಲ್ಲಿ ಆಗಷ್ಟೇ ಹೆಣದ ಒಂದು ಮಂಡಿಯನ್ನು ಬಿಡಿಸಿ ನೋಡಿದ್ದೆ: ಮೇಲೆ ತೊಡೆಮೂಳೆಯ ಎರಡು ಉಬ್ಬು, ಕೆಳಗೆ ಕಣಕಾಲಿನ ಮೂಳೆಯ ಚಪ್ಪಟೆ ತಲೆ, ನಡುವೆ ಬಿದಿಗೆಯ ಚಂದ್ರನಂಥ ಎರಡು ಮೆದು ಎಲುಬು. ಮಡಿಸಿದ ಮಂಡಿ ಸ್ವಲ್ಪ ಆಚೀಚೆ ತಿರುಗುತ್ತದೆ. ತಿರುಗಿದಾಗ ಭಾರ ಬಿದ್ದರೆ ಆ ಮೆದು ಎಲುಬು ಹರಿದು ಮೂಳೆಗಳ ನಡುವೆ ಸಿಕ್ಕಿಕೊಳ್ಳಬಹುದು. ಅವ್ವನಿಗೆ ಇಷ್ಟನ್ನೂ ಹೇಳಿದೆ.

"ಎಣ ಕುಯ್ದು ಕಲ್ತಿದ್ನ ಜೀವ ಇರೋ ಕಾಲ್ಗೆ ಯೋಳ್ಬ್ಯಾಡ ಕಣೆ," ಎಂದವಳು ಕೊಣನೂರಿನಿಂದ ಮೂಳೆ ಕಟ್ಟುವ ತಾತನನ್ನು ಕರೆಸಲು ಆಳು ಹುಡುಕಿಕೊಂಡು ಹೊರಗೆ ಹೋದಳು.

ಮುಂದಿನದನ್ನು ಬರೆಯುವಾಗ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ವರ್ಷ ನಮೂದಿಸದ ನನ್ನ ಹಳೆಯ ಡೈರಿಯ ಆ ಶನಿವಾರದ ಪುಟದಲ್ಲಿ 'ಅಕ್ಕನಿಗೆ ಮಂಡಿ ನೋವು' ಎಂದಷ್ಟೇ ಇದೆ.

"ತಾತ ಬಂದ್ರೆ ಮೂರು ವಾರ ದಬ್ಬೆ ಕಟ್ತಾನೆ ಕಣಮ್ಮಿ. ಸೋಮ್ವಾರ ನಾನು ಓಗ್ಲೇಬೇಕು. ನೀನೇ ಏನಾರ ಮಾಡು. ಮೈಸೂರ್ಗೋಗಿ ಕತ್ತೆ ಕಾಯ್ತಿದ್ಯಾ?" ಎಂದು ಅಕ್ಕ ಕೇಳಿದಳು. ನಿಜವಾಗಿ ಕೇಳಿದಳೋ, ತಪ್ಪು ಹಗುರವಾಗಲೆಂದು ನಾನೇ ಅವಳ ಬಾಯಿಗೆ ಮಾತು ಹಾಕಿಕೊಂಡೆನೋ ತಿಳಿಯದು. ಅವಳ ಹಿಮ್ಮಡಿ ನನ್ನ ಅಂಗೈಯಲ್ಲಿದ್ದದ್ದು ಮಾತ್ರ ಸುಳ್ಳಲ್ಲ.

ಕಾಲು ಪೂರ್ತಿ ನೆಟ್ಟಗಾಗುವ ಕೊನೆಯ ಗಳಿಗೆಯಲ್ಲಿ ಕಣಕಾಲು ತುಸು ಹೊರಕ್ಕೆ ತಿರುಗಿ ಮಂಡಿ ಬಿಗಿಯಾಗುತ್ತದೆ. ಅದರಿಂದಲೇ ನಾವು ತೊಡೆ ದಣಿಯದೆ ಬಹಳ ಹೊತ್ತು ನಿಲ್ಲಬಲ್ಲೆವು. ಪುಸ್ತಕದ ಈ ಒಂದು ಮಾತು ನೆನಪಿಗೆ ಬಂತು. ಅದು ಗಟ್ಟಿಮುಟ್ಟಾದ ಮಂಡಿಯ ಮಾತು ಎಂಬುದು ಹೊಳೆಯಲಿಲ್ಲ. ಕಣಕಾಲನ್ನು ಹೊರಕ್ಕೆ ತಿರುಗಿಸಿ ಎಳೆದೆ. ಒಳಗೆ ಏನೋ ಕಟ್ ಎಂದಿತು. ಅಕ್ಕ ಸೆರಗು ಕಚ್ಚಿಕೊಂಡಳು. ಕಾಲು ನೆಟ್ಟಗಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಪ್ಪಿನ ಅಂಚೇ ಕಾಣದಂತೆ ಊದಿಕೊಂಡಿತು.

ತಾತ ಬಂದವನು ಎಳೆಯಲಿಲ್ಲ. ಮೊದಲು ಇನ್ನಷ್ಟು ಮಡಿಸಲು ನೋಡಿದ, ಊತಕ್ಕೆ ಆಗಲಿಲ್ಲ.

"ಮಂಡಿ ಅನ್ನದು ಬಾಗ್ಲು ತಿರುಗಣಿ ಅಲ್ಲ ಕಣವ್ವ. ಮೊದ್ಲು ಮಡುಸ್ಬೇಕು, ಆಮ್ಯಾಕೆ ತಿರುವ್ಬೇಕು, ಆಮ್ಯಾಕೆ ಕಾಲ್ ನೀಡ್ಬೇಕು. ಬಾವು ಬರದೆ ಇದ್ದಿದ್ರೆ ಈಗ್ಲೇ ಕೂರ್ಸಿ ಓಯ್ತಿದ್ದೆ." ಒಮ್ಮೆ ಸುತ್ತ ನೋಡಿ ಕೇಳಿದ: "ಯಾರಾರ ಎಳುದ್ರಾ ಇದ್ನ?"

ಅವ್ವ ನನ್ನತ್ತ ತಿರುಗಿದಳು. ಹೇಳಬೇಕು, ಹೇಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅಕ್ಕ ಅಂದಳು:

"ಇಲ್ಲ ತಾತ. ಯಾರೂ ಮುಟ್ಟಿಲ್ಲ."

ತಾತ ಉದ್ದಿನ ಹಿಟ್ಟನ್ನು ಮೊಟ್ಟೆಯ ಲೋಳೆಯಲ್ಲಿ ಕಲಸಿ ಬಳಿದು, ಬಟ್ಟೆ ಸುತ್ತಿ, ಬಿದಿರು ದಬ್ಬೆ ಕಟ್ಟಿದ. ಸೋಮವಾರದ ಅರಕಲಗೂಡು ಬಸ್ಸು ಬಂದು ಹೋಯಿತು. ಕಟ್ಟು ಬಿಚ್ಚುವ ಮೊದಲೇ ಆ ಕೆಲಸಕ್ಕೆ ಇನ್ನೊಬ್ಬಳು ಸೇರಿದ್ದಳು. ಅಕ್ಕನಿಗೆ ಮತ್ತೊಂದು ಆರ್ಡರ್ ಬರಲೇ ಇಲ್ಲ.

ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದ ಅಕ್ಕ ಈಗಲೂ ಗೋಡೆ ಹಿಡಿದೇ ಏಳುತ್ತಾಳೆ. ಅವಳ ಮನೆಗೆ ಹೋದಾಗಲೆಲ್ಲ ಆ ಮಾತು ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ಕಳೆದ ಸಲ ಇಬ್ಬರೇ ಇದ್ದಾಗ ಕೇಳಿಬಿಟ್ಟೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಅಂದಿನಿಂದ ಅವಳು ಬರೆದ ಎರಡು ಕಾಗದದಲ್ಲೂ ಆ ವಿಷಯ ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕ, ಅವತ್ತು ತಾತ ಕೇಳ್ದಾಗ, ಯಾರೂ ಮುಟ್ಟಿಲ್ಲ ಅಂತ ಯಾಕಂದೆ?"