ಔರಾದಿನ ಪರದೆಯ ಹಳದಿ ಚುಕ್ಕೆ

2023ರ ಬೇಸಿಗೆಯ ಮಾತು. ಆಗ ನನಗೆ ಐವತ್ತೊಂದು. ಬೀದರದಲ್ಲಿ ಮನೆ ಮಾಡಿಕೊಂಡು ಜಿಲ್ಲೆಯ ದವಾಖಾನೆ, ಫೋಟೋ ಸ್ಟುಡಿಯೋಗಳ ಕಂಪ್ಯೂಟರ್ ಪರದೆಗಳ ಬಣ್ಣ ಸರಿಪಡಿಸುವುದು ನನ್ನ ಉದ್ಯೋಗ. ಹೀಗೆಂದರೆ ಬಹಳ ಜನಕ್ಕೆ ಅರ್ಥವಾಗುವುದಿಲ್ಲ. ನನ್ನ ಮಾವನವರಂತೂ ಇವತ್ತಿಗೂ ಅಳಿಯ ಟಿ.ವಿ. ರಿಪೇರಿ ಮಾಡುತ್ತಾನೆಂದೇ ನಂಬಿದ್ದಾರೆ. ತಿದ್ದಲು ಹೋಗಿ ಹೋಗಿ ನನಗೇ ಸಾಕಾಗಿ, ಈಗ ಅವರ ಮನೆಯ ಟಿ.ವಿ.ಯನ್ನೂ ನೋಡಿಕೊಡುತ್ತೇನೆ.

ನನ್ನ ಗಿರಾಕಿಗಳಲ್ಲಿ ಒಂದು ಖಾಸಗಿ ಕಣ್ಣಿನ ದವಾಖಾನೆ ಇತ್ತು. ಡಾಕ್ಟರ್ ಮೇಡಂ ಬೀದರದಲ್ಲಿ ಕೂಡುತ್ತಿದ್ದರು. ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಚಿಕ್ಕ ಕೇಂದ್ರ. ಸಕ್ಕರೆ ಕಾಯಿಲೆಯವರು ಅಲ್ಲಿಗೆ ಬಂದರೆ ಟೆಕ್ನಿಷಿಯನ್ ಒಂದು ವಿಶೇಷ ಕ್ಯಾಮೆರಾದಿಂದ ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ, ಫೋಟೋ ತೆಗೆದು ಇಂಟರ್‌ನೆಟ್ ಮೇಲೆ ಬೀದರಕ್ಕೆ ಕಳಿಸುತ್ತಿದ್ದರು. ಮೇಡಂ ನೋಡಿ ವರದಿ ಬರೆಯುತ್ತಿದ್ದರು. ರೆಟಿನಾದ ಫೋಟೋ ಕಿತ್ತಳೆ ಬಣ್ಣದ ತಟ್ಟೆಯ ಹಾಗಿರುತ್ತದೆ. ಅದರಲ್ಲಿ ಮಸುಕು ಹಳದಿ ಚುಕ್ಕೆಗಳು ಕಂಡರೆ ರಕ್ತನಾಳ ಸೋರುತ್ತಿದೆ ಎಂದರ್ಥ. ಬೆಳಕು ಹೊಳೆದ ಕಡೆಯೂ ಚುಕ್ಕೆಯಂತೆ ಕಾಣುವುದುಂಟು, ಆದರೆ ಅದು ಬೆಳ್ಳಗಿರುತ್ತದೆ, ಅಪಾಯವಿಲ್ಲ. ಹಳದಿಗೂ ಬಿಳಿಗೂ ನಡುವಿನ ಅಷ್ಟು ಸಣ್ಣ ಅಂತರದ ಮೇಲೆ ಒಬ್ಬರ ದೃಷ್ಟಿ ನಿಂತಿರುತ್ತದೆ. ಆ ಅಂತರವನ್ನು ಪರದೆ ಸರಿಯಾಗಿ ತೋರಿಸುವಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಇದಕ್ಕೆ ಬಳಸುವ ಉಪಕರಣ ಕಲರಿಮೀಟರ್. ಅಂಗೈಯಲ್ಲಿ ಕೂಡುವಷ್ಟು ಸಣ್ಣದು. ಪರದೆಗೆ ಆನಿಸಿ ಇಟ್ಟರೆ ಒಳಗಿನ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಬೆಳಕನ್ನು ಅಳೆಯುತ್ತದೆ. ಬಿಳಿ ಬಣ್ಣ 6500 ಕೆಲ್ವಿನ್ ಇರಬೇಕೆಂಬುದು ನಮ್ಮ ಗುರಿ. ಸಂಖ್ಯೆ ಇಳಿದರೆ ಬಿಳಿ ಹಳದಿಗೆ ವಾಲುತ್ತದೆ, ಏರಿದರೆ ನೀಲಿಗೆ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಮನೆಗೆ ಕೀಲಿ ಹಾಕಿ ಬಸ್ ಸ್ಟ್ಯಾಂಡ್ ಮುಟ್ಟಿದವನು ಕೀಲಿ ನೋಡಲು ವಾಪಸ್ಸು ಬಂದದ್ದಿದೆ. ಹೀಗಾಗಿ ಒಂದು ಮೀಟರ್ ಸಾಲದೆಂದು ಎರಡು ಇಟ್ಟುಕೊಂಡಿದ್ದೆ. ಒಂದು ದಿನದ ಕೆಲಸಕ್ಕೆ. ಅದು ರೊಟ್ಟಿ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಊರೂರು ತಿರುಗುತ್ತಿತ್ತು. ಇನ್ನೊಂದು, ಮೊದಲನೆಯದನ್ನು ತಾಳೆ ನೋಡಲು ಇಟ್ಟ ಪ್ರಮಾಣದ ಮೀಟರ್. ಅದನ್ನು ಹೊರಗೆ ಒಯ್ಯುತ್ತಲೇ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಎರಡನ್ನೂ ಒಂದೇ ಪರದೆಯ ಮೇಲಿಟ್ಟು, ಕೆಲಸದ ಮೀಟರ್ ಎಷ್ಟು ತಪ್ಪುತ್ತಿದೆಯೋ ಅಷ್ಟನ್ನು ಸಾಫ್ಟ್‌ವೇರಿನಲ್ಲಿ ತಿದ್ದುತ್ತಿದ್ದೆ. ಈಚಿನ ಒಂದು ವರ್ಷದಲ್ಲಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತಿದ್ದಬೇಕಾಗಿ ಬಂದಿತ್ತು. ರೊಟ್ಟಿ ಡಬ್ಬಿಯ ಜೊತೆ ಬಡಿದಾಡಿದರೆ ಇನ್ನೇನಾದೀತು ಎಂದುಕೊಂಡೆ.

ದವಾಖಾನೆಯ ಪರದೆಗಳಿಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್, ಅಂದರೆ ಮೀಟರಿನಿಂದ ಅಳೆದು ಬಣ್ಣ ತಿದ್ದುವುದು. ಆ ಮಾರ್ಚಿನಲ್ಲಿ ಬೀದರದ ಎರಡು, ಭಾಲ್ಕಿಯ ಎರಡು ಪರದೆ ಮುಗಿಸಿದೆ. ಔರಾದಿನದೊಂದು ಉಳಿಯಿತು. ನಾನು ಹೋದ ದಿನ ಅಲ್ಲಿ ಮಧ್ಯಾಹ್ನ ದಾಟಿದರೂ ಕರೆಂಟ್ ಬರಲಿಲ್ಲ. ನಾಲ್ಕರ ಬಸ್ಸು ತಪ್ಪಿದರೆ ಏನು ಗತಿ ಎಂದು ಹೆದರಿ ಮೂರಕ್ಕೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತೆ. ಬಸ್ಸು ಐದಕ್ಕೆ ಬಂತು.

ಮೇ ತಿಂಗಳ ಕೊನೆಗೆ ಔರಾದಿನ ಟೆಕ್ನಿಷಿಯನ್ ಸುಜಾತಾ ಫೋನ್ ಮಾಡಿದಳು. ಭಾಲ್ಕಿ ತಾಲೂಕಿನ ಮೆಹಕರದ ಹುಡುಗಿ, ಇಪ್ಪತ್ತೆಂಟರ ವಯಸ್ಸು. ಮನೆಯಲ್ಲಿ ಮೂವರು ಶಿಕ್ಷಕರಿದ್ದುದರಿಂದ ಎದುರಿನವರ ತಪ್ಪು ಹುಡುಕುವ ವಿದ್ಯೆ ಹುಟ್ಟಿನಿಂದಲೇ ಬಂದಿತ್ತು.

"ಸರ್, ಮಾಳಮ್ಮ ಅಂತ ಪೇಶಂಟ್ ಅದಾಳ್ರಿ, ಕುರಿ ಸಾಕ್ತಾಳ. ಅಕೀ ಫೋಟೋದಾಗ ನನಗ ಹಳದಿ ಚುಕ್ಕಿ ಕಾಣ್ಲತ್ತಾವ. ಮೇಡಂ ಬೆಳಕಿನ ಹೊಳಪು, ಒಂದ್ ವರ್ಷ ಬಿಟ್ಟು ಬರಲಿ ಅಂತ ಬರದಾರ್ರಿ."

"ನಿನ್ನ ಪರದಾ ಹಳೀ ಸೆಟಿಂಗ್ ಮ್ಯಾಲ ಅದ ನೋಡವಾ. ಬಂದು ಸರಿ ಮಾಡ್ತೀನಿ."

"ಪರದಾ ಹಳೀದು ಖರೇ ಅದರಿ. ಕಣ್ಣು ನಂದು ಹಳೀವಲ್ರಿ," ಎಂದಳು. ಆಮೇಲೆ ದನಿ ತಗ್ಗಿಸಿ ಮಾಳಮ್ಮ ಯಾಕೆ ಬಂದಿದ್ದಳೆಂದು ಹೇಳಿದಳು. ಆಕೆಯ ಹತ್ತಿರ ನೂರಕ್ಕೂ ಹೆಚ್ಚು ಕುರಿಗಳಿದ್ದವು. ಯಾವ ಮರಿ ಯಾವ ಕುರಿಯದೆಂದು ಮುಖ ನೋಡಿಯೇ ಗುರುತಿಸಿ ಹಾಲಿಗೆ ಬಿಡುತ್ತಿದ್ದಳು. ಹಿಂದಿನ ವಾರ ಒಂದು ಮರಿಯನ್ನು ಬೇರೆ ತಾಯಿಗೆ ಬಿಟ್ಟಳಂತೆ, ಆ ಕುರಿ ಮರಿಯನ್ನು ಹಾಯ್ದು ಒಗೆಯಿತಂತೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಅಂಜಿ ಅವತ್ತೇ ಬಸ್ಸು ಹತ್ತಿ ಬಂದಿದ್ದಳು.

ಅದೇ ಫೋಟೋವನ್ನು ಬೀದರದಲ್ಲೂ ಭಾಲ್ಕಿಯಲ್ಲೂ ತೆರೆಸಿ ನೋಡಿದೆ. ಎರಡೂ ಕಡೆ ಚುಕ್ಕೆ ಬೆಳ್ಳಗೇ ಇತ್ತು. ನಾಲ್ಕು ಪರದೆ ಒಂದು ಮಾತು ಹೇಳುವಾಗ ಒಂದು ಪರದೆ ಬೇರೆ ಹೇಳಿದರೆ ತಪ್ಪು ಯಾರದು? ಕೇಳಬೇಕಾದದ್ದೇ ಇಲ್ಲ ಎಂದುಕೊಂಡು ಔರಾದಿಗೆ ಹೋಗಿ, ಹದಿನೈದು ನಿಮಿಷದಲ್ಲಿ ಪರದೆ ತಿದ್ದಿ, ಮಾಳಮ್ಮನ ಫೋಟೋ ತೆರೆದು ತೋರಿಸಿದೆ. ಹಳದಿ ಮಾಯವಾಗಿತ್ತು. ನನ್ನ ಮುಖದಲ್ಲಿ ಸ್ವಲ್ಪ ಗೆಲುವು ಇದ್ದಿರಬೇಕು.

ಸುಜಾತಾ ಪರದೆಯನ್ನೂ ನನ್ನನ್ನೂ ನೋಡಿದಳು. "ಈಗ ಇಲ್ಲೂ ಹೋದ್ವು ನೋಡ್ರಿ. ಅಕೀ ಕಣ್ಣಾಗ ಹೋಗ್ಯಾವಿಲ್ಲೋ ಯಾರಿಗ್ಗೊತ್ತು."

ವಾಪಸ್ಸು ಬರುವಾಗ ಸಂತಪುರ ದಾಟುವ ಹೊತ್ತಿಗೆ ನನಗೆ ಫಿಕರ್ ಶುರುವಾಯಿತು. ಆ ನಾಲ್ಕು ಪರದೆಗಳು ಒಂದೇ ಮಾತು ಹೇಳುತ್ತಿದ್ದದ್ದು ಯಾಕೆ? ನಾಲ್ಕಕ್ಕೂ ಮಾತು ಕಲಿಸಿದವನು ನಾನೊಬ್ಬನೇ. ಕೆಟ್ಟ ಗಡಿಯಾರವೊಂದನ್ನು ನೋಡಿ ಇಬ್ಬರು ತಮ್ಮ ಗಡಿಯಾರ ತಿದ್ದಿಕೊಂಡರೆ ಇಬ್ಬರ ಸಮಯವೂ ಕೂಡುತ್ತದೆ. ಬಸ್ಸು ಮಾತ್ರ ಹೋಗಿಬಿಟ್ಟಿರುತ್ತದೆ. ನನಗೆ ತಿಳಿಯದ ಸಂಗತಿಯೇನಲ್ಲ. ಗಿರಾಕಿಗಳಿಗೆ ನಾನೇ ಹೇಳುತ್ತಿದ್ದ ಮಾತು. ಅದಕ್ಕಿಂತ ಕೆಟ್ಟದ್ದೆಂದರೆ, ಬೇರೆ ಮಾತು ಹೇಳುತ್ತಿದ್ದ ಒಂದೇ ಒಂದು ಪರದೆಯ ಬಾಯಿಯನ್ನೂ ಆಗಷ್ಟೇ ಮುಚ್ಚಿಸಿ ಬಂದಿದ್ದೆ.

ಮನೆ ಮುಟ್ಟಿದವನೇ ಸುಜಾತಾಳಿಗೆ ಫೋನ್ ಮಾಡಿ ಹಳೆಯ ಸೆಟಿಂಗ್ ವಾಪಸ್ಸು ಹಾಕಿಸಿದೆ. ಪುಣ್ಯಕ್ಕೆ ಸಾಫ್ಟ್‌ವೇರ್ ಅದನ್ನು ಅಳಿಸದೆ ಇಟ್ಟಿತ್ತು. ಎರಡೂ ಮೀಟರುಗಳನ್ನು ಒಂದು ಬಿಳಿ ಪರದೆಯ ಮೇಲಿಟ್ಟೆ, ಕೆಲಸದ ಮೀಟರಿನ ತಿದ್ದುಪಡಿಗಳನ್ನೆಲ್ಲ ತೆಗೆದುಹಾಕಿ. ಪ್ರಮಾಣದ್ದು 6490 ಎಂದಿತು. ಕೆಲಸದ್ದು 7760 ಎಂದಿತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರೆಂದು ಹೇಳಲು ಮೂರನೆಯವರು ಬೇಕು.

ಮರುದಿನ ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಹೋದೆ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋರೇಡಿಯೋಮೀಟರ್ ಇತ್ತು. ಅದು ಫಿಲ್ಟರನ್ನು ನಂಬುವುದಿಲ್ಲ. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆ ಅಳೆಯುತ್ತದೆ. ಪರೀಕ್ಷೆ ಮಾಡುವ ಹಿರಿಯರು ಪ್ರಮಾಣದ ಮೀಟರಿನ ಪೆಟ್ಟಿಗೆ ತೆರೆದು ಮೂಗು ಹಿಂದಕ್ಕೆಳೆದುಕೊಂಡರು. "ಸಾಬ್, ಯೇ ಮೀಟರ್ ಹೈ ಯಾ ಸಾಡಿ?" ಎಂದರು, ಇದು ಮೀಟರೋ ಸೀರೆಯೋ ಎಂದು.

ಒಂದು ತಾಸಿನಲ್ಲಿ ಫಲಿತಾಂಶ ಬಂತು. ರೊಟ್ಟಿ ಡಬ್ಬಿಯ ಜೊತೆ ತಿರುಗಿದ ಮೀಟರಿನ ತಪ್ಪು ಬರೀ ನಲವತ್ತು ಕೆಲ್ವಿನ್. ಹೂವಿನಂತೆ ಕಾಪಾಡಿದ ಮೀಟರಿನ ತಪ್ಪು ಸುಮಾರು ಸಾವಿರದ ಮುನ್ನೂರು. ಅದರ ನೀಲಿ ಫಿಲ್ಟರ್ ಮಸುಕಾಗಿ ನೀಲಿಯನ್ನು ಕಡಿಮೆ ಓದುತ್ತಿತ್ತು. ಅದನ್ನು ನಂಬಿ ನಾನು ಪರದೆಗಳಿಗೆ ನೀಲಿ ಹೆಚ್ಚಿಸಿದ್ದೆ. ನೀಲಿ ಏರಿದ ಪರದೆಯಲ್ಲಿ ಮಸುಕು ಹಳದಿ ಬೆಳ್ಳಗೆ ಕಾಣುತ್ತದೆ.

ಪೆಟ್ಟಿಗೆಯ ವಾಸನೆ ಎಲ್ಲಿಯದೆಂದು ನನಗೆ ಗೊತ್ತಿತ್ತು. ಒಂದು ವರ್ಷದ ಹಿಂದೆ, ಮೇಜಿನ ಡ್ರಾದಲ್ಲಿ ಇರುವೆ ಹೊಕ್ಕೀತು, ಧೂಳು ಕೂತೀತು ಎಂದು ಚಿಂತಿಸಿ, ಮೀಟರನ್ನು ಮನೆಯ ಕಬ್ಬಿಣದ ಅಲಮಾರಿಯಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ. ಸೀರೆಗೆ ಹುಳ ಹತ್ತದಿರಲೆಂದು ಅಲ್ಲಿ ಡಾಂಬರ ಗುಳಿಗೆಗಳಿದ್ದವು. ಆ ಗುಳಿಗೆಯ ಆವಿ ವರ್ಷವಿಡೀ ಮುಚ್ಚಿದ ಅಲಮಾರಿಯಲ್ಲಿ ಫಿಲ್ಟರಿನ ಮೇಲೆ ಕೂತಿದೆ. ಅದೇ ಕಾರಣವೆಂದು ನೂರಕ್ಕೆ ನೂರು ಹೇಳಲಾಗದೆಂದರು ಪ್ರಯೋಗಾಲಯದ ಹಿರಿಯರು, ಆದರೆ ಹೇಳುವಾಗ ನಗುತ್ತಿದ್ದರು.

ನನ್ನ ಹೆಂಡತಿ ನಗಲಿಲ್ಲ. "ಮೀಟರ್ ಇಟ್ಟದ ಅಂತ ನೀವೇ ಎರಡು ಪಾಕೀಟ ಗುಳಿಗಿ ಹೆಚ್ಚಿಗಿ ಇಡ್ಸಿದ್ರಿ. ಹುಳ ಅಂತೂ ಹತ್ತಿಲ್ಲ ನೋಡ್ರಿ ಮತ್ತ."

ಡಾಕ್ಟರ್ ಮೇಡಂ ಮುಂದೆ ಹೇಳುವುದು ಇನ್ನೂ ಕಷ್ಟವಿತ್ತು. ಮೆಟ್ಟಿಲ ಮೇಲೆ ನಿಂತು ಮಾತನ್ನು ನಾಲ್ಕು ಸಲ ಕಟ್ಟಿದೆ, ಒಳಗೆ ಹೋದ ಮೇಲೆ ಒಂದೂ ನೆನಪಾಗಲಿಲ್ಲ. "ಮೇಡಂ, ಮಾರ್ಚಿನಿಂದ ನೀವು ನೋಡಿದ ಬಣ್ಣ ತಪ್ಪು. ತಪ್ಪು ನನ್ನದು," ಎಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು. "ಮೊದಲು ಪರದಾ ಸರಿ ಮಾಡ್ರಿ. ಬೈಯೋದು ಆಮ್ಯಾಲ ಮಾಡ್ತೀನಿ," ಎಂದರು.

ಪರದೆ ಸರಿಯಾಯಿತು. ಮಾರ್ಚಿನಿಂದ ಬಂದ 412 ಜನರ ಫೋಟೋಗಳನ್ನು ಮೇಡಂ ಎರಡು ದಿನ ಕೂತು ಮತ್ತೊಮ್ಮೆ ನೋಡಿದರು. ಒಂಬತ್ತು ವರದಿಗಳು ಬದಲಾದವು. ಎಂಟು ಅಂಥ ಅವಸರದವಲ್ಲ. ಒಂಬತ್ತನೆಯದು ಮಾಳಮ್ಮನದು. ಹಳದಿ ಚುಕ್ಕೆಗಳು ದೃಷ್ಟಿಯ ನಡುಬಿಂದುವಿನ ಅಂಚಿಗೆ ಬಂದಿದ್ದವು. ತಡಮಾಡಿದರೆ ಮುಖ ಗುರುತು ಹಿಡಿಯುವ ನೋಟವೇ ಹೋಗುತ್ತದೆ.

ಹೆದರಿಸುವುದು ಬೇಡ, ರೂಟೀನ್ ಚೆಕಪ್ ಎಂದು ಕರೆಯಿರಿ ಎಂದರು ಮೇಡಂ. ಎಂಟು ಜನ ಬಂದರು. ಮಾಳಮ್ಮ ಬರಲಿಲ್ಲ. ಎರಡು ಸಲ ಫೋನ್ ಮಾಡಿದರೂ ಬರಲಿಲ್ಲ. ಮೂರನೆಯ ವಾರ ಶುರುವಾದಾಗ ನಾನೂ ಸುಜಾತಾಳೂ ಔರಾದಿನಿಂದ ಆಟೋ ಮಾಡಿಕೊಂಡು ಅವಳ ಹಟ್ಟಿಗೇ ಹೋದೆವು. ದಾರಿಯುದ್ದಕ್ಕೂ 'ರೂಟೀನ್' ಎಂಬ ಪದಕ್ಕೆ ಹೊಂದುವ ವಾಕ್ಯ ಹುಡುಕುತ್ತಿದ್ದೆ.

ಮಾಳಮ್ಮ ನನಗಿಂತ ಹತ್ತು ವರ್ಷ ಹಿರಿಯಳು. ಬೇಲಿಯ ಬಾಗಿಲಲ್ಲಿ ನಿಂತು ಮರಿಗಳನ್ನು ಒಂದೊಂದಾಗಿ ಎತ್ತಿ ಮುಖದ ಹತ್ತಿರ ತಂದು ನೋಡಿ ಬಿಡುತ್ತಿದ್ದಳು. ಬಹಳ ಹತ್ತಿರ.

"ಅವತ್ತ ಏನಿಲ್ಲ ಹೋಗು ಅಂದ್ರಿ. ಈಗ ಫೋನ್ ಮ್ಯಾಲ ಫೋನ್. ಏನಿಲ್ಲದ್ದಕ್ಕ ಇಷ್ಟ್ಯಾಕ ಕರೀತೀರಿ?" ಎಂದಳು, ನಮ್ಮ ಕಡೆ ತಿರುಗದೆ.

ಸುಜಾತಾ ನನ್ನನ್ನು ನೋಡಿದಳು. ದಾರಿಯಲ್ಲಿ ಕಟ್ಟಿಕೊಂಡಿದ್ದ ವಾಕ್ಯವನ್ನು ಬಿಟ್ಟುಕೊಟ್ಟೆ. "ಏನಿಲ್ಲ ಅಂದದ್ದು ತಪ್ಪು ಅಕ್ಕಾ. ಡಾಕ್ಟರದ್ದಲ್ಲ, ನಂದು," ಎಂದು ಎಲ್ಲವನ್ನೂ ಹೇಳಿದೆ. ಮೀಟರ್, ಅಲಮಾರಿ, ಸೀರೆ, ಗುಳಿಗೆ.

ಆಕೆ ಮರಿಯನ್ನು ಕೆಳಗೆ ಬಿಟ್ಟಳು. "ಡಾಂಬರ ಗುಳಿಗಿ?"

"ಹೌದಕ್ಕಾ."

"ಹೇಣ್ತಿ ಬೈದಳಿಲ್ಲೋ?"

"ಬೈದಳು."

"ಛಲೋ ಮಾಡಿದಳು." ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ನಿಂತ ಮೇಲೆ ಸುಜಾತಾಳ ಕಡೆ ತಿರುಗಿ, "ಕಣ್ಣ ಹೋಗ್ತಾವೇನವ್ವಾ?" ಎಂದು ಕೇಳಿದಳು.

"ಈಗ ಬಂದ್ರ ಉಳೀಬಹುದು ಅಂತಾರ್ರಿ ಮೇಡಂ. ಬಿಟ್ರ ಕಷ್ಟರಿ."

ಮಾಳಮ್ಮ ಮತ್ತೆ ನನ್ನ ಕಡೆ ತಿರುಗಿದಳು. "ಈಗ ನಿನ್ನ ಮಿಷನ್ ಸರಿ ಅದ ಅಂತ ಯಾರು ಹೇಳ್ಯಾರ ತಮ್ಮಾ?"

"ಹೈದರಾಬಾದಿನ್ಯಾಗ ದೊಡ್ಡ ಮಿಷನ್ ಅದ. ಅದು."

"ಅದು ಸರಿ ಅದ ಅಂತ?"

"ಅದಕ್ಕಿಂತ ದೊಡ್ಡದು ದಿಲ್ಲಿಯೊಳಗ ಅದ."

"ಅದರದು?"

ಇಪ್ಪತ್ತು ವರ್ಷ ಈ ಉದ್ಯೋಗ ಮಾಡಿದ್ದೇನೆ, ಯಾವ ಗಿರಾಕಿಯೂ ಅಲ್ಲಿಯವರೆಗೆ ಕೇಳಿರಲಿಲ್ಲ. "ಅಲ್ಲಿಂದ ಮುಂದ ನನಗ ಗೊತ್ತಿಲ್ಲಕ್ಕಾ," ಎಂದೆ.

"ಗೊತ್ತಿಲ್ಲಂತೀಯಲ್ಲ, ಸಾಕು. ನಾಳಿ ಆಗಲ್ಲ, ಮಗ ಸಂತಿಗಿ ಹೋಗ್ತಾನ. ನಾಡದ ಬರ್ತೇನಿ."

ಬಂದಳು. ಆರು ತಿಂಗಳು ಚಿಕಿತ್ಸೆ ನಡೆಯಿತು. ಎಡಗಣ್ಣಿನ ನೋಟ ಮೊದಲಿನಂತೆ ಆಗಲಿಲ್ಲ, ಅಷ್ಟರಲ್ಲಿ ಸ್ವಲ್ಪ ಹಾನಿಯಾಗಿತ್ತು. ಆ ಹಾನಿಯಲ್ಲಿ ನನ್ನಿಂದಾದ ತಡದ ಪಾಲೆಷ್ಟು ಎಂದು ಮೇಡಂ ಅವರನ್ನು ಕೇಳಿದೆ. ಹೇಳಲಾಗದು ಎಂದರು. ಬಲಗಣ್ಣು ಉಳಿಯಿತು. ಮರಿಗಳನ್ನು ಈಗ ತೋಳಿನಷ್ಟು ದೂರದಲ್ಲಿ ಹಿಡಿದೇ ಗುರುತಿಸುತ್ತಾಳೆಂದು ಸುಜಾತಾ ಹೇಳುತ್ತಾಳೆ.

ಈಗ ನನ್ನ ಎರಡೂ ಮೀಟರುಗಳು ವರ್ಷಕ್ಕೊಮ್ಮೆ ಹೈದರಾಬಾದಿಗೆ ಹೋಗಿ ಬರುತ್ತವೆ. ಆದರೆ ಆ ಬೇಸಿಗೆ ಕಲಿಸಿದ್ದು ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಉಳಿದವುಗಳ ಜೊತೆ ಕೂಡದ ಪರದೆಯನ್ನು ತಿದ್ದಲು ಹದಿನೈದು ನಿಮಿಷ ಸಾಕು. ಅದು ಯಾಕೆ ಕೂಡುತ್ತಿಲ್ಲ ಎಂದು ಕೇಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಇವತ್ತು ಯಾವ ಊರಿಗೆ ಹೋದರೂ ಪರದೆಯ ಮುಂದೆ ದಿನಾ ಕೂಡುವವರನ್ನು ಮೊದಲು ಮಾತಾಡಿಸುತ್ತೇನೆ: "ನಿಮಗೇನು ಕಾಣ್ತದ ಹೇಳ್ರಿ." ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಮೀಟರನ್ನು ಚೀಲದಿಂದ ತೆಗೆಯುವುದು ಆಮೇಲೆ.